ಹಳದಿ ಅಕ್ಷರಗಳ ಬಾಯಿ ಮುಚ್ಚಿಸಿದ ಕಾಕಾ

ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಇಂಜಿನಿಯರ್ ಒಬ್ಬ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದ. "ಮ್ಯಾಡಂ, ಈ ಗಿಟ್‌ನ್ಯಾಗ ಹಳದಿ ಅಕ್ಷರದಾಗ ಸೂಚನಾ ಬರ್ತಾವಲ್ಲ, ಅವನ್ನ ಬಂದ್ ಮಾಡೂದು ಹೆಂಗ್ರಿ? ತಲಿ ತಿನ್ನಾಕತ್ತಾವ."

ನನಗೆ ಗೊತ್ತಿತ್ತು. ಒಂದೊಂದಕ್ಕೂ ಒಂದೇ ಸಾಲಿನ ಕೆಲಸ. ಆದರೂ "ಇರ್ಲಿ ಬಿಡಪಾ, ಓದಿದ್ರ ಕಣ್ಣೇನ್ ಸವೆಯಂಗಿಲ್ಲ" ಅಂದೆ. ಅವನಿಗೆ ಸಿಟ್ಟು ಬಂತು. ಬರಲಿ. ಆ ಒಂದು ಸಾಲನ್ನು ನನಗೆ ತೋರಿಸಿದವರ ಬಗ್ಗೆ ಇವತ್ತು ಬರೆಯುತ್ತೇನೆ. ಹೆಸರು ಹೇಳುವುದಿಲ್ಲ, ಓದುವವರಲ್ಲಿ ಅವರ ಊರಿನವರೂ ಇದ್ದೀರಿ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದೆವು. ಅಷ್ಟು ಸಾಕು.

ಗಿಟ್ ಅಂದರೇನು ಎಂದು ಆಮೇಲೆ ಕಾಮೆಂಟಿನಲ್ಲಿ ಬಂದು ಕೇಳಬೇಡಿ, ಇಲ್ಲೇ ಹೇಳಿಬಿಡುತ್ತೇನೆ. ನೀವು ಇವತ್ತು ಒಂದು ಕೆಲಸ ಮಾಡುತ್ತೀರಿ, ನಾಳೆ ಅದನ್ನು ಬದಲಾಯಿಸುತ್ತೀರಿ, ನಾಡಿದ್ದು ಮೊದಲಿನದೇ ಚೆನ್ನಾಗಿತ್ತು ಅನ್ನಿಸುತ್ತದೆ. ಮೊದಲಿನದು, ಮಧ್ಯದ್ದು, ಈಗಿನದು ಎಲ್ಲವನ್ನೂ ಜೋಪಾನ ಮಾಡಿಟ್ಟು ಕೇಳಿದಾಗ ಕೊಡುವ ವ್ಯವಸ್ಥೆ ಅದು. ಕಪ್ಪು ಪರದೆಯ ಮೇಲೆ ಅಕ್ಷರ ಟೈಪ್ ಮಾಡಿ ಅದರೊಂದಿಗೆ ಮಾತಾಡಬೇಕು. ನೀವು ಎಲ್ಲೋ ಎಡವಿದರೆ ಅದು ಸುಮ್ಮನಿರುವುದಿಲ್ಲ. ಹೀಗಲ್ಲ, ಹೀಗೆ ಮಾಡಿ ನೋಡಿ ಎಂದು ಹಳದಿ ಅಕ್ಷರದಲ್ಲಿ ನಾಲ್ಕು ಸಾಲು ಹೇಳುತ್ತದೆ. ನನ್ನ ಮಾತು ಬೇಡವಾದರೆ ನನ್ನ ಬಾಯಿ ಮುಚ್ಚಿಸುವುದು ಹೀಗೆ ಎಂದು ಕೆಲವು ಸಲ ಕೊನೆಗೆ ಅದನ್ನೂ ಅದೇ ಹೇಳಿಕೊಡುತ್ತದೆ. ಅಷ್ಟು ಒಳ್ಳೆಯ ಸ್ವಭಾವ.

ಆಗ ನಾವಿದ್ದದ್ದು ಸೋಲಾಪುರದ ಹೊರಗೆ, ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆಯಲ್ಲಿ. ನಾನು ಮಾಲು ಕಳಿಸುವ ವಿಭಾಗದಲ್ಲಿ, ಕಾಕಾ ಡಿಸೈನ್ ರೂಮಿನಲ್ಲಿ, ಮಧ್ಯೆ ಒಂದು ಗಾಜಿನ ಗೋಡೆ. ಟವೆಲ್ಲಿನ ಅಂಚಿನ ಹೂವು, ಬಳ್ಳಿ, ಹೋಟೆಲಿನ ಹೆಸರು ಎಲ್ಲವೂ ಮಗ್ಗಕ್ಕೆ ಹೋಗುವ ಮೊದಲು ಕಂಪ್ಯೂಟರಿನಲ್ಲಿ ಫೈಲ್ ಆಗಿ ಕೂರುತ್ತವೆ. ಪರದೇಶದ ಗಿರಾಕಿ ಒಂದು ದಿನ ಥಟ್ಟನೆ "ಹಿಂದೆ ಕಳಿಸಿದ್ದಿರಲ್ಲ, ಅದೇ ಅಂಚು ಬೇಕು" ಅಂದುಬಿಡುತ್ತಾನೆ. ಹಿಂದೆ ಅಂದರೆ ಯಾವ ಹಿಂದೆ? ಅದಕ್ಕಾಗಿಯೇ ನಮ್ಮಲ್ಲಿಗೆ ಗಿಟ್ ಬಂತು.

ಕಾಕಾ ಗ್ರಾಫ್ ಕಾಗದದ ಕಾಲದವರು. ಚೌಕ ಚೌಕಕ್ಕೆ ಬಣ್ಣ ತುಂಬಿ ಹೂವು ಅರಳಿಸುತ್ತಿದ್ದವರು. ಕಂಪ್ಯೂಟರ್ ಬಂದಾಗ ಅವರ ವಾರಿಗೆಯವರೆಲ್ಲ ಕೆಲಸ ಬಿಟ್ಟರು, ಇವರು ಕಲಿತರು. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಎಂಟರ್ ಗುಂಡಿಯನ್ನು ಮಾತ್ರ ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಹೊಡೆದಂತೆ ಹೊಡೆದು, ಕೈಯನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಿದ್ದರು. ಚಪ್ಪಲಿ ಮೇಜಿನ ಕೆಳಗೆ, ಒಂದು ಕಾಲು ಕುರ್ಚಿಯ ಮೇಲೆ. ಡ್ರಾಯರಿನಲ್ಲಿ ಶೇಂಗಾ ಚಟ್ನಿಯ ಬಾಟಲಿ. ಕೀಬೋರ್ಡ್ ಒರೆಸಲು ನೂಲು ತಪ್ಪಿ ಕೆಟ್ಟ ಟವೆಲ್ಲಿನ ತುಂಡು. ಮಗಳ ಮದುವೆಗೆ ರಜೆ ಹಾಕಿದಾಗಲೂ ಆ ತುಂಡನ್ನು ಒಗೆದು ಒಣಗಿಸಿ ಹೋಗಿದ್ದರು. ನಾಗಣಸೂರಿನಲ್ಲಿ ಹುಟ್ಟಿದವರು, ಮಾತು ನಮ್ಮಂತೆಯೇ ಅರ್ಧ ಕನ್ನಡ, ಅರ್ಧ ಮರಾಠಿ. ಸಿಟ್ಟು ಬಂದರೆ ಮರಾಠಿ, ಹಸಿವಾದರೆ ಕನ್ನಡ.

ಹಳದಿ ಅಕ್ಷರದ ಜಗಳ ಶುರುವಾದದ್ದು ಸಾರಿಕಾಳಿಂದ. ಅಕ್ಕಲಕೋಟೆಯ ಹೆಂಗಸು, ಎರಡು ಮಕ್ಕಳ ತಾಯಿ, ಮಗ್ಗದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತು ಕೆಲಸ ಮಾಡಿದವಳು. ಕೈ ಚುರುಕು ಎಂದು ಮಾಲಕರು ಅವಳನ್ನು ಡಿಸೈನ್ ರೂಮಿಗೆ ಹಾಕಿದರು. ಶೆಡ್ಡಿನಲ್ಲಿ ಒಂದು ಕಾಯಿದೆ ಇತ್ತು. ಮಗ್ಗದ ತಲೆಯ ಮೇಲೆ ಹಳದಿ ದೀಪ ಹತ್ತಿತೋ, ನೂಲು ಹರಿದಿದೆ ಎಂದರ್ಥ. ಮೊದಲು ಮಗ್ಗ ನಿಲ್ಲಿಸು, ಆಮೇಲೆ ಮಾತಾಡು. ಸಾರಿಕಾಳಿಗೆ ಅದು ರಕ್ತದಲ್ಲೇ ಇಳಿದಿತ್ತು. ಒಂದು ಮಧ್ಯಾಹ್ನ ಅವಳ ಪರದೆಯ ಮೇಲೆ ಹಳದಿ ಅಕ್ಷರ ಬಂದವು. ಅವಳು ಓದಲಿಲ್ಲ, ಯಾರನ್ನೂ ಕರೆಯಲಿಲ್ಲ. ಎದ್ದವಳೇ ಗೋಡೆಯ ಮೇನ್ ಸ್ವಿಚ್ ಎಳೆದುಬಿಟ್ಟಳು.

ಇಡೀ ರೂಮು ಕತ್ತಲು. ಎಲ್ಲರ ಅರ್ಧ ಮಾಡಿದ ಕೆಲಸ ಹೋಯಿತು. ಮಾಲು ಕಳಿಸುವ ಮುನ್ನಾದಿನ ಬೇರೆ. ನಾನು ಗಾಜಿನ ಈ ಕಡೆಯಿಂದ ನೋಡುತ್ತಿದ್ದೆ. ಸಾರಿಕಾ ಸ್ವಿಚ್ಚಿನ ಪಕ್ಕ ಹೆಮ್ಮೆಯಿಂದ ನಿಂತಿದ್ದಳು, ಕಾರ್ಖಾನೆ ಉಳಿಸಿದವಳ ಹಾಗೆ.

"ಯಾಕ ಎಳದಿಬೇ?" ಎಂದು ಕಾಕಾ ಕೂಗಿದರು.

"ಪಿವಳಾ ಆಲಾ ನಾ ಕಾಕಾ! ಹಳದಿ ಬಂತಲ್ಲ!"

ಮಾಲಕರು ಕೆಳಗಿಳಿದು ಬಂದರು. ಕೆಟ್ಟ ಮನುಷ್ಯನಲ್ಲ, ಆದರೆ ಯಾವುದನ್ನೂ ಪೂರ್ತಿ ಕೇಳುವ ತಾಳ್ಮೆ ಇಲ್ಲ. "ಕಾಕಾ, ಆ ಹಳದಿ ಬರೂದನ್ನ ಬಂದ್ ಮಾಡ್ರಿ. ಯಾರಿಗರೆ ಏನರೆ ತಿಳೀದಿದ್ರ ನಿಮ್ಮನ್ನ ಕೇಳ್ತಾರ. ನೀವ್ ಅದೀರಲ್ಲ" ಅಂದರು.

ಕಾಕಾ ಬಂದ್ ಮಾಡಿದರು. ಗಿಟ್‌ನಲ್ಲಿ ಒಂದೊಂದು ಬಗೆಯ ಸೂಚನೆಗೂ ಒಂದೊಂದು ಬೇರೆ ಸ್ವಿಚ್ಚು. ಒಂದು ಹಳದಿ ಸಾಲು ಕಂಡಿತೋ, ಅದರ ಹೆಸರು ಬರೆದು ಮುಂದೆ ಬೇಡ ಅನ್ನಬೇಕು. ಕಾಕಾ ಎಲ್ಲ ಕಂಪ್ಯೂಟರ್‌ಗಳ ಮುಂದೆ ಕೂತು ಒಂದೊಂದನ್ನೇ ಹುಡುಕಿ ಬಾಯಿ ಮುಚ್ಚಿಸಿದರು. ನಾನು ಚಹಾ ಹಿಡಿದು ಹೋದಾಗ ತೋರಿಸಿದರು. "ನೋಡ್ ತಂಗೆವ್ವಾ, ಇಷ್ಟ ಬರದ್ರ ಆತು, ಗಪ್ ಆಗ್ತೈತಿ. ನಮ್ಮ ಮಂದಿಗೂ ಹಿಂಗ ಒಂದ್ ಗುಂಡಿ ಇರಬೇಕಿತ್ತು."

ಅಲ್ಲಿಂದ ಆ ರೂಮಿನಲ್ಲಿ ಒಂದೇ ಸದ್ದು. ಕಾಕಾ, ಇದು ಹೋಗಂಗಿಲ್ಲ. ಕಾಕಾ, ಜರಾ ಬಘಾ, ನೋಡ್ರಿ. ಕಾಕಾ, ನಂದು ಎಲ್ಲಿ ಹೋತು? ಅವರು ಯಾರಿಗೂ ವಿವರಿಸಿ ಹೇಳುತ್ತಿರಲಿಲ್ಲ. "ಸರೀರಿ ಜರಾ" ಎಂದು ನಿಮ್ಮನ್ನು ಎಬ್ಬಿಸಿ, ನಿಮ್ಮ ಬಿಸಿ ಕುರ್ಚಿಯಲ್ಲಿ ಕೂತು, ಎರಡು ಬೆರಳಲ್ಲಿ ಏನೋ ಬರೆದು, ಎಂಟರ್ ಹೊಡೆದು ಎದ್ದು ಹೋಗುತ್ತಿದ್ದರು. ಹೇಳಿಕೊಟ್ಟರೆ ಹೊತ್ತು ಹೋಗುತ್ತದೆ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಆ ಕರೆ ಇಷ್ಟವಿತ್ತು. ಊಟದ ಹೊತ್ತಿನಲ್ಲಿ ಯಾರಾದರೂ ಕರೆದರೆ "ಉಣ್ಣಾಕರೆ ಬಿಡ್ರೋ" ಎಂದು ಬೈಯುತ್ತಾ, ರೊಟ್ಟಿ ಹಿಡಿದ ಕೈಯನ್ನೇ ಎತ್ತಿಕೊಂಡು, ಮುಖ ಅರಳಿಸಿಕೊಂಡು ಓಡುತ್ತಿದ್ದರು.

ಆದರೆ ಅವರ ಮನೆ ಸೋಲಾಪುರದಲ್ಲಿ ಇರಲಿಲ್ಲ. ಹೆಂಡತಿ ದುಧನಿಯ ಕನ್ನಡ ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರು. ಮದುವೆಯಾದಾಗಿನಿಂದ ಅವರದು ಆ ಊರು, ಇವರದು ಈ ಊರು. ವಾರವಿಡೀ ಕಾಕಾ ಒಂದು ಬಾಡಿಗೆ ಖೋಲಿಯಲ್ಲಿ, ಶನಿವಾರ ಸಂಜೆಯ ಗಾಡಿಗೆ ದುಧನಿ, ಸೋಮವಾರ ಬೆಳಿಗ್ಗೆ ವಾಪಸ್. ಮಕ್ಕಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದದ್ದೆಲ್ಲ ಭಾನುವಾರಗಳಲ್ಲೇ. "ನಮ್ಮಾಕಿ ಮುಖ ನನಗ ಆಯತವಾರದ್ದ ಒಂದ ಗೊತ್ತು. ಬುಧವಾರ ಹೆಂಗ ಕಾಣತಾಳೋ ಏನೋ" ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಆ ವರ್ಷ ದುಧನಿಯ ಒಂದು ದಾಲ್ ಮಿಲ್ಲಿನವರು ಕಂಪ್ಯೂಟರ್ ನೋಡಿಕೊಳ್ಳಲು ಕಾಕಾನನ್ನು ಕರೆದರು. ಮನೆಯಿಂದ ನಡೆದು ಹೋಗುವಷ್ಟು ದೂರ. ದೀಪಾವಳಿಯ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡುತ್ತೇವೆ ಅಂದಿದ್ದರು. ಕಾಕಾ ಮಾಲಕರ ಮುಂದೆ ಹೋಗಿ ನಿಂತರು.

"ಹೋಗ್ರಿ, ನಾ ಯಾಕ ತಡೀಲಿ?" ಅಂದರಂತೆ ಮಾಲಕರು. "ಒಬ್ಬರನ್ನ ತಯಾರ್ ಮಾಡಿ ಹೋಗ್ರಿ. ಅಷ್ಟ."

ತಯಾರು ಮಾಡುವುದೇ ಗಂಟಲಿಗೆ ಸಿಕ್ಕಿದ್ದು. ಹಿಂದೆಯೂ ತಯಾರು ಮಾಡಿದ್ದರು. ಒಬ್ಬ ತಯಾರಾಗುತ್ತಿದ್ದಂತೆ ಪುಣೆಗೆ ಹೋದ. ಅವನ ಜಾಗಕ್ಕೆ ಬಂದವನೂ ಪುಣೆಗೆ ಹೋದ. "ನನ್ನ ಕಡಿ ಕಲತ್ರ ಸೀದಾ ಪುಣೆ ಟಿಕೀಟ" ಎಂದು ಕಾಕಾ ಚಟ್ನಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಹೇಳಿದರು. "ಎಲ್ಲಾರೂ ಹೋಗ್ಯಾರ. ನಾ ಒಬ್ಬವನ ಇಲ್ಲೇ ಅದೀನಿ."

ದಸರೆ ಮುಗಿದ ಮೇಲೆ ಅಕ್ಕೋರು ಮೊಣಕಾಲು ತೋರಿಸಲು ಸೋಲಾಪುರಕ್ಕೆ ಬಂದರು. ಡಾಕ್ಟರನ್ನು ಕಂಡು ಸೀದಾ ಕಾರ್ಖಾನೆಗೇ ಬಂದರು. ತೆಳ್ಳಗಿನ ಹೆಂಗಸು, ದೊಡ್ಡ ಕನ್ನಡಕ, ಶಾಲೆಯಲ್ಲಿ ಹಾಜರಿ ಕೂಗುವ ದನಿ. ನನ್ನ ಪಕ್ಕ ಕೂತು ಗಾಜಿನ ಆ ಕಡೆ ಗಂಡನನ್ನು ನೋಡುತ್ತಿದ್ದರು. ಅಕ್ಕೋರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಾಕಾನನ್ನು ಯಾರೋ ಆ ಮೇಜಿಗೆ ಕರೆದರು, ಈ ಮೇಜಿಗೆ ಕರೆದರು, ಮತ್ತೆ ಆ ಮೇಜಿಗೆ ಕರೆದರು.

"ಅಲ್ರೀ ಬಾಯಾರ, ಇವ್ರು ಮಾಡೂದು ಮತ್ಯಾರಿಗೂ ಬರಂಗಿಲ್ಲೇನು?" ಎಂದು ನನ್ನನ್ನು ಕೇಳಿದರು.

ನಾನು ಸಾರಿಕಾಳ ಮೇನ್ ಸ್ವಿಚ್ಚಿನ ಕಥೆ ಹೇಳಿದೆ. ಹಳದಿ ಅಕ್ಷರ ಅಂದರೇನು, ಅವುಗಳ ಬಾಯಿ ಹೇಗೆ ಮುಚ್ಚಿಸಿದ್ದಾರೆ, ಎಲ್ಲ ಹೇಳಿದೆ. ಅಕ್ಕೋರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕಾಕಾ ಬಂದು ನಿಂತರು.

"ಏನ್ರೀ, ಅದನ್ನ ಚಾಲೂ ಮಾಡ್ರಿ" ಅಂದರು ಅಕ್ಕೋರು.

"ಯಾವದನ್ನ?"

"ಅದ, ಹಳದೀದು. ಅದು ಹೇಳ್ತೈತಿ, ಮಂದಿ ಓದ್ತಾರ, ಕಲೀತಾರ. ನಾ ಸಾಲ್ಯಾಗ ಎಲ್ಲಾ ಲೆಕ್ಕ ನಾನ ಮಾಡಿ ಕೊಟ್ಕೋತ ಕುಂತ್ರ ಹುಡುಗ್ರು ಕಾಲೇಜಿಗೆ ಹೋದ್ರೂ ನನ್ನ ಮನಿ ಬಾಗಲಿಗೇ ಬರ್ತಾವ."

"ಮಾಲಕರು ಬಂದ್ ಮಾಡಂದಾರ."

"ಮಾಲಕರು ಸಾರಿಕಾ ಹೆದರ್ತಾಳಂತ ಬಂದ್ ಮಾಡಿಸ್ಯಾರ. ನೀವ್ಯಾಕ ಬಂದ್ ಇಟ್ಟೀರಿ?"

ಕಾಕಾ ಟವೆಲ್ ತುಂಡಿನಿಂದ ಕೈ ಒರೆಸಿಕೊಂಡರು. ಕೈ ಸ್ವಚ್ಛವಾಗಿಯೇ ಇತ್ತು. ಆಮೇಲೆ ಮೆಲ್ಲಗೆ, ನನಗೆ ಕೇಳಿಸಬಾರದು ಎಂಬಂತೆ, ಅಂದರು: "ಅದು ಮಾತಾಡಾಕ ಸುರು ಮಾಡಿದ್ರ ನನ್ನ ಯಾರ್ ಕರೀತಾರ?"

"ಯಾರೂ ಕರೀದಿದ್ರ ಮನೀಗೆ ಬರಾಕ ಬರ್ತೈತಿ" ಎಂದು ಅಕ್ಕೋರು ಚೀಲ ಎತ್ತಿಕೊಂಡರು. "ದೀಪಾವಳಿ ದೂರಿಲ್ಲ. ನೋಡ್ರಿ ಮತ್ತ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಾಕಾ ಮುಚ್ಚಿದ ಬಾಯಿಗಳನ್ನೆಲ್ಲ ಬಿಚ್ಚಿದರು. ಸಾರಿಕಾ ಮೊದಲ ಹಳದಿ ಕಂಡ ಕೂಡಲೇ ಎದ್ದು ನಿಂತಳು. ಕಾಕಾ ಸ್ವಿಚ್ಚಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಓದ್" ಅಂದರು.

"ಕಾಕಾ, ಇಂಗ್ರಜಿ ಐತಿ..."

"ಅಕ್ಷರ ಬರ್ತಾವಿಲ್ಲೋ? ಓದ್. ನಾ ಅರ್ಥ ಹೇಳ್ತೀನಿ, ಕೈ ಹಚ್ಚಂಗಿಲ್ಲ."

ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಾಕಾ ಅರ್ಥ ಹೇಳಿದರು. "ನಿನ್ನ ಕಡಿ ಇಲ್ಲದ ಕೆಲಸ ಎಲ್ಲಾರದು ಕೂಡಿಡೂ ಜಾಗಾದಾಗ ಐತಂತ. ಬ್ಯಾರೆಯವ್ರು ಮಾಡಿ ಇಟ್ಟಾರ. ಮೊದಲ ಅದನ್ನ ತಂದ್ಕೊ, ಆಮ್ಯಾಲ ನಿಂದು ಕಳಸಂತೈತಿ. ಬೈದಿಲ್ಲ ಅದು. ಹೇಳಾಕತ್ತೈತಿ."

"ಅಯ್ಯ, ಇಷ್ಟೇನಾ?" ಅಂದಳು ಸಾರಿಕಾ.

ಆ ದಿನಗಳಲ್ಲಿ ಕಾಕಾನನ್ನು ನೋಡುವುದೇ ಒಂದು ಹಿಂಸೆ. ಯಾರಾದರೂ ಕರೆದರೆ ಅರ್ಧ ಎದ್ದು ಮತ್ತೆ ಕೂರುತ್ತಿದ್ದರು. ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು "ಏನ್ ಬರದೈತಿ ಓದ್ರಿ" ಅನ್ನುತ್ತಿದ್ದರು. ಜನ ಬೈದರು. ಕಾಕಾಗೆ ಸೊಕ್ಕು ಬಂದಿದೆ ಅಂದರು. ಬೈಯುತ್ತಲೇ ಓದಿದರು. ಓದುತ್ತಾ ಓದುತ್ತಾ ಕರೆಯುವುದು ಕಡಿಮೆಯಾಯಿತು. ಸಾರಿಕಾ ಪಕ್ಕದವರಿಗೂ ಹೇಳತೊಡಗಿದಳು. ಪುಣೆಗೆ ಹೋಗುವವಳೂ ಅಲ್ಲ, ಗಂಡ, ಮಕ್ಕಳು, ಅತ್ತೆ ಎಲ್ಲ ಅಕ್ಕಲಕೋಟೆಯಲ್ಲೇ. ಒಂದು ಮಧ್ಯಾಹ್ನ ಕಾಕಾ ನನ್ನೆದುರು ಕೂತು ಇಡೀ ಊಟವನ್ನು ಒಮ್ಮೆಯೂ ಏಳದೆ ಮುಗಿಸಿದರು. ಕೊನೆಗೆ ಡಬ್ಬಿ ಮುಚ್ಚುತ್ತಾ ಗಾಜಿನ ಆ ಕಡೆ ನೋಡಿ, "ಊಟ ಇಷ್ಟ ಲಗೂನ ಮುಗೀತೈತೇನ?" ಎಂದು ಕೇಳಿದರು.

ಹಬ್ಬಕ್ಕೆ ಸ್ವಲ್ಪ ಮುಂಚೆ ಮಾಲಕರು ಗಿರಾಕಿಗಳ ಕಡೆಯವರನ್ನು ಕಾರ್ಖಾನೆ ತೋರಿಸಲು ಕರೆತರುವವರಿದ್ದರು. ಅದಕ್ಕೂ ಮೊದಲು ಒಂದು ಸುತ್ತು ನೋಡಲು ತಾವೊಬ್ಬರೇ ಡಿಸೈನ್ ರೂಮಿಗೆ ಬಂದರು. ಸಾರಿಕಾಳ ಪರದೆಯ ಮೇಲೆ ಹಳದಿ ಸಾಲುಗಳು.

"ಕಾಕಾ, ಇದೇನ್ರಿ ಮತ್ತ? ಪಾರ್ಟಿ ನೋಡಿದ್ರ ಮಷೀನ್ ಕೆಟ್ಟಾವ ಅನ್ನಂಗಿಲ್ಲೇನು?"

"ಸಾಹೇಬ್ರ, ನನಗ ಓದಾಕ ಬರ್ತೈತ್ರಿ ಈಗ" ಅಂದಳು ಸಾರಿಕಾ. "ಬರೋಬರ್ ಹೇಳ್ತೈತ್ರಿ ಅದು. ನಾವ ನೋಡ್ಕೋತೀವ್ರಿ."

ಕಾಕಾಗೆ ಬೇಕಾಗಿದ್ದ ಮಾತು ಅದೇ. ಅವರಿಗಾಗಿ ಇನ್ನೊಬ್ಬರು ಹೇಳಿಯೂ ಆಗಿತ್ತು. ಸಾಹೇಬ್ರ, ಈಕಿ ತಯಾರ ಆಗ್ಯಾಳ, ನನ್ನ ಬಿಡ್ರಿ ಎಂದರೆ ಮುಗಿಯಿತು. ನಾನು ಈ ಕಡೆ ಕಾಗದ ಹಿಡಿದುಕೊಂಡು ಹಾಗೆಯೇ ನಿಂತಿದ್ದೆ.

ಮಾಲಕರು ನಕ್ಕರು. ಕಾಕಾನ ಹೆಗಲ ಮೇಲೆ ಕೈ ಹಾಕಿದರು. "ಓದೂದು ಇರ್ಲಿ ಸಾರಿಕಾ. ನಮ್ಮ ಕಾಕಾ ಇರೋತನಾ ನಮಗ್ಯಾಕ ಈ ಮಷೀನ್ ಮಾತು? ಹಂಗಲ್ಲೇನ್ರಿ ಕಾಕಾ? ನೀವಿಲ್ಲಂದ್ರ ಈ ರೂಮ ನಡೀತೈತೇನು?"

ಕಾಕಾನ ಮುಖ ನಾನು ನೋಡಿದೆ. ದೀಪ ಹಚ್ಚಿದ ಹಾಗಿತ್ತು. ರೊಟ್ಟಿ ಕೈಯಲ್ಲಿ ಹಿಡಿದು ಓಡುವಾಗಿನ ಅದೇ ಮುಖ. ಸಾರಿಕಾಳಿಗೆ "ಸರಿ ಜರಾ" ಅಂದರು. ಅವಳು ಏಳಲಿಲ್ಲ, ಅವರನ್ನೇ ನೋಡಿದಳು. ಮತ್ತೊಮ್ಮೆ ಅಂದರು. ಎದ್ದಳು. ಕಾಕಾ ಕೂತು, ಎರಡು ಬೆರಳಲ್ಲಿ ಬರೆದು, ಎಂಟರ್ ಹೊಡೆದರು. ಸಂಜೆಯೊಳಗೆ ಎಲ್ಲ ಕಂಪ್ಯೂಟರ್‌ಗಳೂ ಮೂಕವಾಗಿದ್ದವು.

ದೀಪಾವಳಿ ಬಂತು, ಹೋಯಿತು. ಮಿಲ್ಲಿನವರು ಬೇರೆ ಯಾರನ್ನೋ ಇಟ್ಟುಕೊಂಡರು.

ನಾನು ಬಾಯಿ ಕಟ್ಟಿಕೊಂಡು ಇರುವವಳಲ್ಲ, ನಿಮಗೆ ಗೊತ್ತು. ಮುಖಕ್ಕೇ ಕೇಳಿದೆ. "ಅಲ್ರಿ ಕಾಕಾ, ಒಂದ ಮಾತು ಅನ್ನಬೇಕಿತ್ತಲ್ಲ?"

"ಅನ್ನಬೇಕಿತ್ತು."

"ಮತ್ತ?"

"ಹೆಗಲ ಮ್ಯಾಲ ಕೈ ಇಟ್ರು ನೋಡ್ ತಂಗೆವ್ವಾ" ಅಂದರು. ಅಷ್ಟರಲ್ಲಿ ಆ ಕಡೆಯಿಂದ ಯಾರೋ ಕರೆದರು, ಎದ್ದು ಹೋದರು.

ಮುಂದೆಯೂ ವರ್ಷಗಟ್ಟಲೆ ಶನಿವಾರದ ಗಾಡಿ, ಸೋಮವಾರದ ಗಾಡಿ. ಅಕ್ಕೋರು ನಿವೃತ್ತರಾದರು. ಆಮೇಲೆ ಇವರ ವಯಸ್ಸೂ ಆಯಿತು. ಶಾಲು, ತೆಂಗಿನಕಾಯಿ, ಫೋಟೋ. ಕಾಕಾ ಇಲ್ಲದ ಡಿಸೈನ್ ರೂಮನ್ನು ಊಹಿಸುವುದಕ್ಕೂ ಆಗುವುದಿಲ್ಲ ಎಂದು ಮಾಲಕರು ಭಾಷಣ ಮಾಡಿದರು. ಮುಂದಿನ ಸೋಮವಾರ ಸಾರಿಕಾ ಬಂದು ತನ್ನ ಕಂಪ್ಯೂಟರಿನ ಸೂಚನೆಗಳನ್ನು ಚಾಲೂ ಮಾಡಿಕೊಂಡಳು, ಪಕ್ಕದವರದ್ದನ್ನೂ ಮಾಡಿಕೊಟ್ಟಳು. ಈ ಸಲ ಯಾರೂ ಬೇಡ ಅನ್ನಲಿಲ್ಲ. ಕೆಲಸ ಒಂದು ಚಹಾದಷ್ಟು ಹೊತ್ತೂ ನಿಲ್ಲಲಿಲ್ಲ.

ಕಳೆದ ವರ್ಷ ಕಾಕಾ ತೀರಿಕೊಂಡರು. ಎದೆನೋವು ಅಂದರು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಆಯಿತಂತೆ. ನಾನು ಮತ್ತು ಸಾರಿಕಾ ದುಧನಿಗೆ ಹೋಗಿ ಬಂದೆವು. ಅಕ್ಕೋರು ಅಳುತ್ತಿರಲಿಲ್ಲ. ನಮಗೆ ಚಹಾ ಕೊಟ್ಟು ಎದುರಿಗೆ ಕೂತರು.

"ರಿಟೈರ್ ಆಗಿ ಬಂದ ಮ್ಯಾಲ ಫೋನ್ ಮುಂದ ಇಟ್ಕೊಂಡ ಕುಂದ್ರತಿದ್ರು" ಅಂದರು. "ಚಾರ್ಜ್ ತುಂಬಿದ್ರೂ ಮತ್ತ ಚಾರ್ಜಿಗೆ ಹಚ್ಚೂದು. ರೇಂಜ್ ಇಲ್ಲೇನು ನೋಡಂತ ನನಗ ಕೊಡೂದು. ನಿಮ್ಮ ಕಡಿಯಿಂದ ಒಂದ ಫೋನ್ ಬರ್ಲಿಲ್ಲ."

ಸಾರಿಕಾ ತಲೆ ತಗ್ಗಿಸಿದಳು.

"ಅಯ್ಯ, ನಿಂದೇನ್ ತಪ್ಪ ಐತಿ? ನಿನಗ ಬರ್ತಿತ್ತು, ಯಾಕ್ ಕೇಳ್ತಿ?" ಎಂದು ಅಕ್ಕೋರು ಅವಳ ಮೊಣಕಾಲು ತಟ್ಟಿದರು. "ನನಗೂ ಎಲ್ಲಾ ಬರ್ತಿತ್ತಲ್ಲ. ಇಷ್ಟ ವರ್ಷ ಒಬ್ಬಾಕಿನ ಮನಿ ನಡಿಸೀನಿ. ಗ್ಯಾಸ್, ಲೈಟು, ಬ್ಯಾಂಕು, ಮಕ್ಕಳ ಲಗ್ನ. ಅವ್ರನ್ನ ಕೇಳಿ ಮಾಡೂವಂಥಾದ್ದು ಈ ಮನ್ಯಾಗ ಏನೂ ಉಳಿದಿದ್ದಿಲ್ಲ. ಅವ್ರು ಖೋಲ್ಯಾಗಿಂದ ಖೋಲಿಗೆ ತಿರಗ್ಯಾಡೂದು ನೋಡಿ ಒಂದಿನ ಸುಳ್ಳ ಕೇಳಿದೆ. ಏನ್ರೀ, ಬ್ಯಾಳಿಗೆ ಉಪ್ಪ ಎಷ್ಟ ಹಾಕ್ಲಿ ಅಂತ."

"ಏನಂದ್ರು?" ಅಂದೆ.

"ಏನಂತಾರ? ಎದ್ದ ಬಂದ್ರು. ಡಬ್ಬಿ ತಗದು ಒಂದ ಮುಟಗಿ ಸುರದ್ರು."

"ಒಂದ ಮುಟಗಿ? ಅಕ್ಕೋರ, ನಿಮಗ ಬಿಪಿ ಐತಲ್ಲ?"

"ಐತಿ."

"ಮತ್ತ ಏನ್ ಮಾಡಿದ್ರಿ?"

"ಉಂಡ್ವಿ" ಅಂದರು ಅಕ್ಕೋರು. "ಮರುದಿನ ಮತ್ತ ಕೇಳಿದೆ."